ಥಿಂಕ್‌ಪ್ಯಾಡ್ ಟಿ440ಪಿಗೆ ನಾಲ್ಕು ಕೋರ್: ಹಳೇ ಬಿಸಿನೆಸ್ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಬದಲಿಸುವ ಬಗೆ

ನಿಮ್ಮ ಲ್ಯಾಪ್‌ಟಾಪ್ 2015ರಿಂದ ಈಚೆಗಿನದಾದರೆ ಮುಂದೆ ಓದಿದರೂ ಉಪಯೋಗ ಕಮ್ಮಿ. ಇಂಟೆಲ್ ತನ್ನ ಐದನೇ ತಲೆಮಾರಿನಿಂದ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನೆಲ್ಲ ಮದರ್‌ಬೋರ್ಡಿಗೇ ಬೆಸೆಯುವ ಥರ ಮಾಡಿಬಿಟ್ಟಿತು. ಅದನ್ನು ಎಬ್ಬಿಸಲು ಬಿಜಿಎ ಮೆಷಿನ್, ಅಂದರೆ ಬೆಸುಗೆಯನ್ನು ಬಿಸಿ ಮಾಡಿ ಚಿಪ್ ಬಿಡಿಸುವ ಯಂತ್ರ, ಬೇಕು. ಎಬ್ಬಿಸಿ ಬೇರೆಯದನ್ನು ಕೂರಿಸಿದರೂ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮ್) ಒಪ್ಪುತ್ತದೆ ಅನ್ನುವ ಖಾತ್ರಿ ಇಲ್ಲ. ನಾನು ಹೇಳುತ್ತಿರುವುದು 2011ರಿಂದ 2014ರ ನಡುವೆ ಬಂದ ಗಟ್ಟಿಮುಟ್ಟು ಮಷಿನ್‌ಗಳ ಬಗ್ಗೆ. ಥಿಂಕ್‌ಪ್ಯಾಡ್ ಟಿ420, ಟಿ430, ಟಿ440ಪಿ. ಡೆಲ್ ಲ್ಯಾಟಿಟ್ಯೂಡ್ ಇ6430, ಇ6440. ಎಚ್‌ಪಿ ಎಲಿಟ್‌ಬುಕ್ 8470ಪಿ, ಪ್ರೊಬುಕ್ 650 ಜಿ1. ಈ ಜಾತಿಯವುಗಳಲ್ಲಿ ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂತಿರುತ್ತದೆ. ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ.

ಸಾಗರದಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ, ಲಾಟ್ ಲೆಕ್ಕದಲ್ಲಿ ಕೈಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್ ದಾಟಿ, ಶಿವಮೊಗ್ಗ ದಾಟಿ, ಕೊನೆಗೆ ನಮ್ಮ ಕಡೆಯ ವಿದ್ಯಾರ್ಥಿಗಳು, ಡಿಟಿಪಿಯವರು, ಸ್ಟುಡಿಯೊದವರ ಕೈ ಸೇರುತ್ತವೆ. ಅವುಗಳಲ್ಲಿ ನನಗೆ ಇಷ್ಟದ್ದು ಟಿ440ಪಿ. 2013ರಲ್ಲಿ ಬಂದದ್ದು. ಟಿ ಸರಣಿಯಲ್ಲಿ ಸಾಕೆಟ್ ಇರುವ ಕೊನೆಯ ತಲೆಮಾರು ಅದೇ. ಅದರ ಟಚ್‌ಪ್ಯಾಡ್ ಮಾತ್ರ ದರಿದ್ರ. ಬಟನ್‌ಗಳನ್ನೇ ತೆಗೆದುಹಾಕಿ ಇಡೀ ಹಲಗೆ ಟಕಟಕ ಅನ್ನುವ ಹಾಗೆ ಮಾಡಿದ್ದಾರೆ. ಇರಲಿ, ಅದು ಬೇರೆ ಪುರಾಣ.

ಮೊನ್ನೆ ಮಾಡಿಕೊಟ್ಟದ್ದು ಯಕ್ಷಗಾನದ ವಿಡಿಯೊ ಮಾಡುವ ಹುಡುಗನೊಬ್ಬನ ಟಿ440ಪಿ. ರಾತ್ರಿಯಿಡೀ ನಡೆಯುವ ಆಟ, ಎರಡು ಕ್ಯಾಮೆರಾ. ಅದನ್ನು ಕೂಡಿಸಿ, ಸಣ್ಣ ಫೈಲ್ ಮಾಡಿ ಅಪ್‌ಲೋಡ್ ಮಾಡಬೇಕು. ಒಳಗಿದ್ದದ್ದು ಐ5-4300ಎಂ ಪ್ರೊಸೆಸರ್, ಎರಡು ಕೋರಿನದು, ಅಂದರೆ ಒಳಗೆ ಲೆಕ್ಕ ಮಾಡುವ ಘಟಕ ಎರಡೇ. ಎನ್‌ಕೋಡ್, ಅಂದರೆ ವಿಡಿಯೊ ಕುಗ್ಗಿಸುವ ಕೆಲಸ, ಹಾಕಿ ಮಲಗಿದರೆ ಬೆಳಗ್ಗೆ ಎದ್ದಾಗಲೂ ಮುಗಿದಿರುವುದಿಲ್ಲ ಅನ್ನುವುದು ಅವನ ಗೋಳು. ಇಂಥ ಕೆಲಸಕ್ಕೆ ಪ್ರೊಸೆಸರ್ ಬದಲಿಸುವುದರಲ್ಲಿ ಅರ್ಥ ಇದೆ. ಎಲ್ಲರಿಗೂ ಇಲ್ಲ.

ನಿಮಗೆ ಇದು ಬೇಕಾ?

‘ಲ್ಯಾಪ್‌ಟಾಪ್ ಸ್ಲೋ ಆಗಿದೆ, ಐ7 ಹಾಕಿಕೊಡಿ’ ಅಂತ ಬರುವವರೇ ಜಾಸ್ತಿ. ಬಿಚ್ಚಿ ನೋಡಿದರೆ ಒಳಗೆ ತಿರುಗುವ ಹಾರ್ಡ್ ಡಿಸ್ಕ್, 4 ಜಿಬಿ ರ್‍ಯಾಮ್. ಅಂಥ ಮಷಿನ್‌ಗೆ ಐ7 ಹಾಕಿದರೂ ಬೂಟ್ ಆಗಲು ಅಷ್ಟೇ ಹೊತ್ತು ಹಿಡಿಯುತ್ತದೆ. ಮೊದಲು ಎಸ್‌ಎಸ್‌ಡಿ ಹಾಕಿಸಿ. ಆಮೇಲೆ ರ್‍ಯಾಮ್. ಟಿ440ಪಿಗೆ ಎರಡು ಸ್ಲಾಟ್ ಇವೆ, ಒಟ್ಟು 16 ಜಿಬಿವರೆಗೆ ಹಾಕಬಹುದು. 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಎಲ್ ಇಲ್ಲದ ಹಳೇ 1.5 ವೋಲ್ಟಿನದ್ದು ಆಗಲ್ಲ. ಹತ್ತರಲ್ಲಿ ಎಂಟು ಜನರ ದೂರು ಅಲ್ಲಿಗೇ ಮುಗಿಯುತ್ತದೆ, ಪ್ರೊಸೆಸರ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಐ5-4300ಎಂ ಒಂದೇ ಕೋರ್ ಓಡುವಾಗ ಹೆಚ್ಚೆಂದರೆ 3.3 ಗಿಗಾಹರ್ಟ್ಸ್ ಮುಟ್ಟುತ್ತದೆ. ಅದರ ಜಾಗಕ್ಕೆ ನಾನು ಹಾಕಿದ ಐ7-4712ಎಂಕ್ಯೂ ಕೂಡ 3.3ನ್ನೇ ಮುಟ್ಟುವುದು. ಅಂದರೆ ನುಡಿಯಲ್ಲಿ ಟೈಪ್ ಮಾಡುವುದು, ಟ್ಯಾಲಿ, ಬ್ರೌಸರ್‌ನಲ್ಲಿ ಒಂದು ಪುಟ ತೆರೆಯುವುದು, ಇವು ಒಂದಿಷ್ಟೂ ವೇಗವಾಗಲ್ಲ. ಹೆಸರು ಐ7 ಅಂತ ಬದಲಾಗುತ್ತದೆ, ಅಷ್ಟೇ. ಲಾಭ ಸಿಗುವುದು ನಾಲ್ಕೂ ಕೋರ್‌ಗಳಿಗೆ ಒಟ್ಟಿಗೆ ಕೆಲಸ ಕೊಡುವ ಪ್ರೋಗ್ರಾಮ್‌ಗಳಲ್ಲಿ ಮಾತ್ರ. ವಿಡಿಯೊ ಎನ್‌ಕೋಡಿಂಗ್, ಕೋಡ್ ಕಂಪೈಲ್ ಮಾಡುವುದು, ವರ್ಚುವಲ್ ಮಷಿನ್ ಓಡಿಸುವುದು, ನೂರಾರು ರಾ ಫೋಟೊಗಳನ್ನು ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವುದು, ಇಂಥವು.

ನಿಮ್ಮದು ಯಾವ ಥರ ಅಂತ ತಿಳಿಯಲು ಟಾಸ್ಕ್ ಮ್ಯಾನೇಜರ್ ಸಾಕು. ನಿಮಗೆ ಬೇಜಾರು ತರಿಸುವ ಕೆಲಸ ನಡೆಯುವಾಗ ಅದನ್ನು ತೆರೆದು, ಸಿಪಿಯು (ಪ್ರೊಸೆಸರ್) ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರತಿ ಕೋರಿನದ್ದೂ ಬೇರೆ ಬೇರೆ ಕಾಣುವಂತೆ ಮಾಡಿ. ಎಲ್ಲ ಗೆರೆಗಳೂ ನೂರಕ್ಕೆ ಅಂಟಿಕೊಂಡು ಬಹಳ ಹೊತ್ತು ಇಳಿಯದೇ ಇದ್ದರೆ ಪ್ರೊಸೆಸರ್ ಬದಲಿಸಿ. ಡಿಸ್ಕ್ ನೂರಕ್ಕೆ ಹೋಗಿ ಸಿಪಿಯು ಆರಾಮಾಗಿ ಕೂತಿದ್ದರೆ ಬೇಡ.

ವಿಡಿಯೊದವರಿಗೆ ಒಂದು ಕಿವಿಮಾತು. ನೀವು ಇಂಟೆಲ್ ಕ್ವಿಕ್ ಸಿಂಕ್ ಬಳಸಿ ಎನ್‌ಕೋಡ್ ಮಾಡುತ್ತಿದ್ದರೆ ಆ ಕೆಲಸ ನಡೆಯುವುದು ಗ್ರಾಫಿಕ್ಸ್ ಭಾಗದಲ್ಲಿ. ಹಳೇ ಐ5, ಹೊಸ ಐ7 ಎರಡರಲ್ಲೂ ಇರುವುದು ಅದೇ ಎಚ್‌ಡಿ 4600. ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ನಮ್ಮ ಹುಡುಗ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಪ್ರೋಗ್ರಾಮ್‌ನಲ್ಲಿ ಎಕ್ಸ್264 ಅನ್ನುವ ಎನ್‌ಕೋಡರ್ ಬಳಸುತ್ತಿದ್ದ. ರಂಗದ ದೀಪದಲ್ಲಿ ಕಿರೀಟದ ಹೊಳಪು ಒಡೆದು ಕಾಣಬಾರದು ಅಂತ ಅವನ ಹಟ. ಎಕ್ಸ್264 ಸಿಪಿಯು ಕೆಲಸ, ಹಾಗಾಗಿ ಅವನಿಗೆ ಲಾಭ ಆಯಿತು.

ವಿಂಡೋಸ್ ವಿಷಯವನ್ನೂ ಈಗಲೇ ಯೋಚಿಸಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಎಂಟನೇ ತಲೆಮಾರಿನ ಇಂಟೆಲ್ ಬೇಕು. ಇದು ನಾಲ್ಕನೇದು, ಐ7 ಹಾಕಿದರೂ ತಲೆಮಾರು ಬದಲಾಗಲ್ಲ. ನಾನು ಈ ಮಷಿನ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಕನ್ನಡ ಟೈಪಿಂಗ್‌ಗೆ ಐಬಸ್ ಅನ್ನುವ ಕೀಬೋರ್ಡ್ ಪ್ರೋಗ್ರಾಮ್‌ನಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿ ಕೈ ಪಳಗಿದವರಿಗೆ ಹೊಂದಿಕೊಳ್ಳಲು ಕಷ್ಟ ಆಗಲ್ಲ.

ಹೆಸರಿನ ಬಾಲ ನೋಡಿ

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರದಲ್ಲೇ ಅರ್ಧ ಉತ್ತರ ಇರುತ್ತದೆ. ‘ಯು’ ಇದ್ದರೆ ಬೆಸುಗೆ ಹಾಕಿದ್ದು, ಅಲ್ಲಿಗೇ ನಿಲ್ಲಿಸಿ. ‘ಎಚ್‌ಕ್ಯೂ’ ಕೂಡ ಬೆಸುಗೆ. ‘ಎಂ’, ‘ಕ್ಯೂಎಂ’, ‘ಎಂಕ್ಯೂ’ ಇದ್ದರೆ ಸಾಮಾನ್ಯವಾಗಿ ಸಾಕೆಟ್. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಥಿಂಕ್‌ಪ್ಯಾಡ್ ಎಕ್ಸ್230ರಲ್ಲಿ ಐ5-3320ಎಂ ಇರುತ್ತದೆ, ಟಿ430ರಲ್ಲೂ ಅದೇ ಐ5-3320ಎಂ. ಎಕ್ಸ್230ರಲ್ಲಿ ಬೆಸೆದಿದ್ದಾರೆ, ಟಿ430ರಲ್ಲಿ ಸಾಕೆಟ್. ಹೆಸರೊಂದನ್ನೇ ನಂಬಿ ಚಿಪ್ ತರಿಸಿದರೆ ದುಡ್ಡು ಹೋದ ಹಾಗೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಕಂಪನಿಯ ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಪ್ರೊಸೆಸರ್ ತೆಗೆಯುವ ಹಂತವನ್ನು ಚಿತ್ರ ಸಮೇತ ತೋರಿಸಿದ್ದರೆ ಮಾತ್ರ ಮುಂದುವರಿಯಿರಿ.

ಇನ್ನೊಂದು ಬಲೆ ಟಿ440 ಹೆಸರಿನಲ್ಲೇ ಇದೆ. ಟಿ440, ಟಿ440ಎಸ್, ಟಿ440ಪಿ ಮೂರೂ ಒಂದೇ ಕಾಲದವು. ಮೊದಲೆರಡರಲ್ಲಿ ‘ಯು’ ಪ್ರೊಸೆಸರ್, ಬೆಸುಗೆ. ಕೊನೆಯಲ್ಲಿ ‘ಪಿ’ ಇರುವುದಕ್ಕೆ ಮಾತ್ರ ಸಾಕೆಟ್. ಸೆಕೆಂಡ್‌ ಹ್ಯಾಂಡ್ ಮಾರುವವರು ಬಾಯಲ್ಲಿ ‘ಟಿ440’ ಅಂದುಬಿಡುತ್ತಾರೆ. ಕೈಗೆ ತೆಗೆದುಕೊಂಡಾಗಲೇ ಗೊತ್ತಾಗುತ್ತದೆ ಬಿಡಿ, ‘ಪಿ’ ದಪ್ಪ, ಭಾರ, ಪಕ್ಕದಲ್ಲಿ ಡಿವಿಡಿ ಡ್ರೈವ್ ಇರುತ್ತದೆ. ಕೊಳ್ಳುವ ಮುಂಚೆ ಎಫ್1 ಒತ್ತಿ ಬಯೋಸ್ ಒಳಗೆ ಹೋಗಿ ನೋಡಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟುಬನ್ನಿ. ಹಿಂದಿನ ಕಂಪನಿಯ ಐಟಿಯವರು ಹಾಕಿದ ಬೀಗ ಅದು, ಬ್ಯಾಟರಿ ಕಿತ್ತಿಟ್ಟರೆಲ್ಲ ಹೋಗಲ್ಲ.

ಯಾವ ಚಿಪ್?

ಸಾಕೆಟ್ ತಲೆಮಾರು ದಾಟಬಾರದು. ಟಿ430, ಇ6430, 8470ಪಿ ಇವುಗಳಲ್ಲಿ ಎರಡು ಮತ್ತು ಮೂರನೇ ತಲೆಮಾರಿನ ಜಿ2 ಸಾಕೆಟ್. ಟಿ440ಪಿ, ಇ6440ರಲ್ಲಿ ನಾಲ್ಕನೇ ತಲೆಮಾರಿನ ಜಿ3. ಒಂದರದ್ದು ಇನ್ನೊಂದಕ್ಕೆ ಕೂರಲ್ಲ.

ಜಿ3ಯಲ್ಲಿ ನಾಲ್ಕು ಕೋರಿನ ಆಯ್ಕೆಗಳು ಇವು: 4702ಎಂಕ್ಯೂ ಮತ್ತು 4712ಎಂಕ್ಯೂ 37 ವಾಟ್‌ನವು. 4700ಎಂಕ್ಯೂ, 4710ಎಂಕ್ಯೂ, 4800ಎಂಕ್ಯೂ, 4810ಎಂಕ್ಯೂ, 4900ಎಂಕ್ಯೂ 47 ವಾಟ್‌ನವು. ನಿಮ್ಮ ಹಳೇ ಐ5-4300ಎಂ ಕೂಡ 37 ವಾಟ್. ವಾಟ್ ಜಾಸ್ತಿ ಅಂದರೆ ಹೊರಹಾಕಬೇಕಾದ ಶಾಖವೂ ಜಾಸ್ತಿ.

ಇಲ್ಲಿ ಬಹಳ ಜನ ದೊಡ್ಡ ನಂಬರ್ ಹಿಂದೆ ಓಡುತ್ತಾರೆ. 4900ಎಂಕ್ಯೂ ಹಾಕಿದೆ ಅಂತ ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ಆದರೆ ಒಳಗಿನ ಹೀಟ್‌ಸಿಂಕ್, ಅಂದರೆ ಚಿಪ್ಪಿನ ಶಾಖವನ್ನು ಫ್ಯಾನಿನ ಕಡೆ ಸಾಗಿಸುವ ತಾಮ್ರದ ಭಾಗ, ಹಾಗೇ ಇದ್ದರೆ ಚಿಪ್ 100 ಡಿಗ್ರಿ ಮುಟ್ಟಿ, ತನ್ನ ವೇಗ ತಾನೇ ಇಳಿಸಿಕೊಂಡು ಕೂರುತ್ತದೆ. ಕೊಟ್ಟ ದುಡ್ಡಿನ ವೇಗ ಮೊದಲೆರಡು ನಿಮಿಷ ಸಿಗುತ್ತದೆ, ಆಮೇಲೆ ಇಲ್ಲ. ಎರಡು ನಿಮಿಷದ ಕೆಲಸಕ್ಕೆ ಯಾರೂ ಪ್ರೊಸೆಸರ್ ಬದಲಿಸಲ್ಲ, ಅಲ್ವಾ? ರಾತ್ರಿಯಿಡೀ ಓಡುವ ಎನ್‌ಕೋಡ್‌ಗೆ ಬೇಕಾದದ್ದು ಬೆಳಗಿನವರೆಗೂ ಹಿಡಿದಿಟ್ಟುಕೊಳ್ಳುವ ವೇಗ. ಅದನ್ನು ತೀರ್ಮಾನಿಸುವುದು ಶಾಖ ಎಷ್ಟು ಬೇಗ ಹೊರಗೆ ಹೋಗುತ್ತದೆ ಅನ್ನುವುದು.

ಹಾಗಾಗಿ ನನ್ನ ಸಲಹೆ ನೇರ. ಇರುವ ಹೀಟ್‌ಸಿಂಕ್ ಹಾಗೇ ಬಿಡುತ್ತೀರಾದರೆ 4702 ಅಥವಾ 4712. 47 ವಾಟ್‌ನದ್ದೇ ಬೇಕು ಅಂದರೆ ಹೀಟ್‌ಸಿಂಕ್‌ಗೂ ದುಡ್ಡು ಇಡಿ. ಟಿ440ಪಿಯಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಮಾಡೆಲ್ ಇತ್ತು, ಅದಕ್ಕೆ ಎರಡು ತಾಮ್ರದ ಪೈಪಿನ ಹೀಟ್‌ಸಿಂಕ್. ಅದು ಎನ್‌ವಿಡಿಯಾ ಇಲ್ಲದ ಮಾಡೆಲ್‌ಗೂ ಕೂರುತ್ತದೆ. ಲ್ಯಾಟಿಟ್ಯೂಡ್ ಇ6440 ಇದ್ದವರು 37 ವಾಟ್ ದಾಟುವುದೇ ಬೇಡ ಅನ್ನುತ್ತೇನೆ, ಅದರ ಹೀಟ್‌ಸಿಂಕ್ ಸಣ್ಣದು. ಟಿ430 ಇದ್ದವರಿಗೆ ಇದೇ ತರ್ಕದಲ್ಲಿ 35 ವಾಟ್‌ನ 3612ಕ್ಯೂಎಂ, 3632ಕ್ಯೂಎಂ ಇವೆ. ಈ ಎರಡೂ ಬೆಸುಗೆಯ ರೂಪದಲ್ಲೂ ಬಂದಿವೆ. ಪಿನ್ ಇರುವುದನ್ನೇ ನೋಡಿ ತರಿಸಿ.

ಹೊಸ ಚಿಪ್ ಅಂತ ಈಗ ಸಿಗುವುದಿಲ್ಲ. ಎಲ್ಲ ಹಳೇ ಬೋರ್ಡಿನಿಂದ ತೆಗೆದದ್ದೇ. ಎಸ್‌ಪಿ ರೋಡಿನಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು, ಆನ್‌ಲೈನ್‌ನಲ್ಲೂ ತರಿಸಬಹುದು. ಎಲ್ಲೇ ಆಗಲಿ ಎರಡು ಫೋಟೊ ಕೇಳಿ. ಮೇಲ್ಭಾಗದ್ದು ಒಂದು, ಪಿನ್‌ಗಳ ಕಡೆಯದ್ದು ಇನ್ನೊಂದು. ಮೇಲೆ ಕೊರೆದ ಅಕ್ಷರಗಳಲ್ಲಿ ‘ಎಸ್‌ಆರ್’ನಿಂದ ಶುರುವಾಗುವ ಐದಕ್ಷರದ ಕೋಡ್ ಇರಬೇಕು. 4712ಎಂಕ್ಯೂಗೆ ಅದು ಎಸ್‌ಆರ್1ಪಿಎಸ್. ‘ಕ್ಯೂ’ನಿಂದ ಶುರುವಾಗುವ ನಾಲ್ಕಕ್ಷರ ಇದ್ದರೆ ಅದು ಇಂಟೆಲ್ ಪರೀಕ್ಷೆಗೆಂದು ಹೊರಬಿಟ್ಟ ಎಂಜಿನಿಯರಿಂಗ್ ಸ್ಯಾಂಪಲ್. ಅಗ್ಗಕ್ಕೆ ಸಿಗುತ್ತದೆ, ತಲೆನೋವು ಪುಕ್ಕಟೆ. ಒಟ್ಟು ಖರ್ಚು, ಅಂದರೆ ಚಿಪ್, ಅದರ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್, ಬೇಕಾದರೆ ಹೀಟ್‌ಸಿಂಕ್, ಎಲ್ಲ ಸೇರಿ ಆ ಲ್ಯಾಪ್‌ಟಾಪ್‌ನ ಈಗಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನು ಗಿರಾಕಿಗೆ ಬೇಡ ಅನ್ನುತ್ತೇನೆ. ಆ ದುಡ್ಡಿಗೆ ಇನ್ನೂ ಸ್ವಲ್ಪ ಸೇರಿಸಿ ಎಂಟನೇ ತಲೆಮಾರಿನ ಸೆಕೆಂಡ್‌ ಹ್ಯಾಂಡ್ ನೋಡುವುದು ವಾಸಿ.

ಬಿಚ್ಚುವ ಮುಂಚೆ

ಬಯೋಸ್ ಅಪ್‌ಡೇಟ್ ಮಾಡಿ, ಅದೂ ಹಳೇ ಪ್ರೊಸೆಸರ್ ಒಳಗಿರುವಾಗಲೇ. ಟಿ440ಪಿ 2013ರದ್ದು, 4710, 4712, 4810 ಚಿಪ್‌ಗಳು 2014ರವು. ಹಳೇ ಬಯೋಸ್‌ಗೆ ಅವುಗಳ ಪರಿಚಯ ಇಲ್ಲದಿರಬಹುದು. ಬ್ಯಾಟರಿ ಚಾರ್ಜ್ ಇರಬೇಕು, ಚಾರ್ಜರ್ ಕೂಡ ಹಾಕಿರಬೇಕು, ಇಲ್ಲದಿದ್ದರೆ ಅಪ್‌ಡೇಟ್ ಶುರುವೇ ಆಗಲ್ಲ. ನಮ್ಮೂರಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಹಾಗಾಗಿ ಬ್ಯಾಟರಿ ಸತ್ತಿರುವ ಮಷಿನ್‌ಗೆ ಬೇರೆ ಬ್ಯಾಟರಿ ಸಿಕ್ಕಿಸಿಯೇ ನಾನು ಈ ಕೆಲಸಕ್ಕೆ ಕೈ ಹಾಕುವುದು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಚಾರ್ಜರ್ ತಿರುಗಿಸಿ ಎಷ್ಟು ವಾಟ್ ಅಂತ ಓದಿ. ಈ ಮಷಿನ್‌ಗಳು 65 ವಾಟ್, 90 ವಾಟ್ ಎರಡರಲ್ಲೂ ಬಂದಿವೆ. ನಾಲ್ಕು ಕೋರ್ ಹಾಕಿದ ಮೇಲೆ 90 ವಾಟ್‌ನದ್ದೇ ಇರಲಿ. ಟಿ440ಪಿ ಚಾರ್ಜರಿನ ಚೌಕ ಮೂತಿಯ ಪಿನ್ನಿನ ಒಳಗೆ ತಾನು ಎಷ್ಟು ವಾಟ್ ಅಂತ ಹೇಳುವ ರೆಸಿಸ್ಟರ್ ಇರುತ್ತದೆ. ಲ್ಯಾಪ್‌ಟಾಪ್ ಅದನ್ನು ಓದಿ, ಸಾಲದು ಅನಿಸಿದರೆ ಪ್ರೊಸೆಸರ್ ವೇಗವನ್ನು ಹಿಡಿದಿಡುತ್ತದೆ. ‘ಐ7 ಹಾಕಿದರೂ ಏನೂ ಆಗಿಲ್ಲ’ ಅಂದವರಲ್ಲಿ ಕೆಲವರ ತೊಂದರೆ ಚಾರ್ಜರ್‌ದೇ ಇರುತ್ತದೆ.

ಇನ್ನು ಸಾಮಾನು: ಒಳ್ಳೆ ಫಿಲಿಪ್ಸ್ ಸ್ಕ್ರೂಡ್ರೈವರ್, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟ್, ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಜೆಲ್, ಸುವಾಸನೆ ಎಲ್ಲ ಸೇರಿರುತ್ತದೆ. ಪೇಸ್ಟ್ ಆರ್ಕ್ಟಿಕ್ ಎಂಎಕ್ಸ್-4 ಥರದ್ದು ಸಾಕು. ಲಿಕ್ವಿಡ್ ಮೆಟಲ್ ಅನ್ನುವ ಶೋಕಿ ಬೇಡ. ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಜಾರಿದರೆ ಬೋರ್ಡೇ ಹೋಯಿತು.

ಕೆಲಸ

ಶುರು ಮಾಡುವ ಮುಂಚೆ ಮಷಿನ್ನನ್ನು ಹತ್ತು ನಿಮಿಷ ಓಡಿಸಿ, ಏನಾದರೂ ವಿಡಿಯೊ ಹಾಕಿಡಿ. ಹಳೇ ಪೇಸ್ಟ್ ಬಿಸಿಯಾಗಿ ಮೆತ್ತಗಾದರೆ ಹೀಟ್‌ಸಿಂಕ್ ಸುಲಭವಾಗಿ ಏಳುತ್ತದೆ. ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ. ಚಾರ್ಜರ್ ಕೀಳಿ, ಬ್ಯಾಟರಿ ತೆಗೆಯಿರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ.

ಟಿ440ಪಿ ಅಡಿಮೇಲು ಮಾಡಿದರೆ ದೊಡ್ಡ ಮುಚ್ಚಳ ಕಾಣುತ್ತದೆ. ಅದಕ್ಕೆ ಎರಡೇ ಸ್ಕ್ರೂ. ಅವು ಸಡಿಲ ಆಗುತ್ತವೆಯೇ ಹೊರತು ಉದುರಲ್ಲ, ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ. ಮುಚ್ಚಳ ಜಾರಿಸಿ ತೆಗೆದರೆ ರ್‍ಯಾಮ್, ಡಿಸ್ಕ್, ಫ್ಯಾನ್, ತಾಮ್ರದ ಪೈಪ್ ಎಲ್ಲ ಕಣ್ಣ ಮುಂದೆ. ಬಿಸಿನೆಸ್ ಲ್ಯಾಪ್‌ಟಾಪ್ ಅಂದರೆ ನನಗೆ ಇದೇ ಕಾರಣಕ್ಕೆ ಇಷ್ಟ. ಟಿ430ರವರಿಗೆ ಈ ಸುಖ ಇಲ್ಲ. ಅದರಲ್ಲಿ ಕೀಬೋರ್ಡ್ ತೆಗೆದು, ಅಂಗೈ ಇಡುವ ಪ್ಲಾಸ್ಟಿಕ್ ತೆಗೆದು ಮೇಲಿಂದ ಇಳಿಯಬೇಕು. ಕಷ್ಟ ಏನಲ್ಲ, ಹೊತ್ತು ಜಾಸ್ತಿ.

ಫ್ಯಾನಿನ ವೈರ್ ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತುದಿಯನ್ನು ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ. ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕ ನಂಬರ್ ಅಚ್ಚಾಗಿದ್ದರೆ ಬಿಚ್ಚುವಾಗ ಕೊನೆಯಿಂದ ಮೊದಲಿಗೆ, ಹಾಕುವಾಗ ಒಂದರಿಂದ ಮುಂದಕ್ಕೆ. ನಂಬರ್ ಇಲ್ಲದಿದ್ದರೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಹೋಗಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಹೀಟ್‌ಸಿಂಕ್ ಓರೆಯಾಗಿ ಚಿಪ್ಪಿನ ಮೂಲೆಯ ಮೇಲೆ ಭಾರ ಬೀಳುತ್ತದೆ. ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಡೆಸ್ಕ್‌ಟಾಪ್‌ನದ್ದಕ್ಕಿರುವ ಹಾಗೆ ಮೇಲೆ ಲೋಹದ ಟೋಪಿ ಇಲ್ಲ. ಬರೀ ಸಿಲಿಕಾನ್, ಮೂಲೆ ಒಡೆದರೆ ಮುಗಿಯಿತು. ಏಳದಿದ್ದರೆ ಮೇಲಕ್ಕೆ ಕೀಳಬೇಡಿ. ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಚಿ, ತಾನೇ ಬಿಡುತ್ತದೆ.

ಹೀಟ್‌ಸಿಂಕ್ ಕೈಗೆ ಬಂದಾಗ ಬೆಳಕಿಗೆ ಹಿಡಿದು ರೆಕ್ಕೆಗಳ ಸಂದಿಯಲ್ಲಿ ನೋಡಿ. ಆಚೆಗಿನ ಬೆಳಕು ಕಾಣದಿದ್ದರೆ ಅರ್ಧ ತೊಂದರೆ ಅಲ್ಲೇ ಸಿಕ್ಕಿತು. ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಮನೆಯ ಜಗಲಿಯಲ್ಲಿ ಇಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಕಂದು ಬಣ್ಣದ ನಾರಿನ ಧೂಳು ಫ್ಯಾನಿಗೂ ರೆಕ್ಕೆಗೂ ನಡುವೆ ಒತ್ತಾಗಿ ಕೂತಿರುತ್ತದೆ. ಗಾಳಿ ಊದಿದರೆ ಹೋಗಲ್ಲ, ಇನ್ನೂ ಒಳಗೆ ಸೇರಿಕೊಳ್ಳುತ್ತದೆ. ಫ್ಯಾನಿನ ಮುಚ್ಚಳದ ಸಣ್ಣ ಸ್ಕ್ರೂ ಬಿಚ್ಚಿ, ಆ ಪದರವನ್ನು ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬರುತ್ತದೆ. ಆ ಯಕ್ಷಗಾನದ ಹುಡುಗನ ಮಷಿನ್‌ನಲ್ಲೂ ಇದೇ. ಅದನ್ನು ತೆಗೆದು ಪೇಸ್ಟ್ ಮಾತ್ರ ಬದಲಿಸಿದ್ದರೂ ಅವನ ಹಳೇ ಐ5 ಸ್ವಲ್ಪ ಚುರುಕಾಗುತ್ತಿತ್ತು. ನೀವೂ ಹಾಗೇ ಮಾಡಿ ನೋಡಬಹುದು: ಶುಚಿ ಮಾಡಿ, ಪೇಸ್ಟ್ ಹಾಕಿ, ಒಂದು ವಾರ ಬಳಸಿ. ಸಾಕು ಅನಿಸಿದರೆ ಚಿಪ್ಪಿನ ದುಡ್ಡು ಉಳಿಯಿತು.

ಈಗ ಸಾಕೆಟ್. ಪ್ರೊಸೆಸರಿನ ಒಂದು ಅಂಚಿನಲ್ಲಿ ಚಪ್ಪಟೆ ಗೀರಿರುವ ದೊಡ್ಡ ಸ್ಕ್ರೂ ಇರುತ್ತದೆ, ಪಕ್ಕದಲ್ಲಿ ತೆರೆದ ಬೀಗ, ಮುಚ್ಚಿದ ಬೀಗದ ಗುರುತು. ತೆರೆದ ಬೀಗದ ಕಡೆಗೆ ಅರ್ಧ ಸುತ್ತು ತಿರುಗಿಸಿ. ಒಳಗೆ ಏನೋ ಸರಿದ ಹಾಗೆ ಕೈಗೆ ತಿಳಿಯುತ್ತದೆ. ಇದು ಪೂರ್ತಿ ಬಿಚ್ಚಿ ಬರುವ ಸ್ಕ್ರೂ ಅಲ್ಲ, ಅರ್ಧ ಸುತ್ತಿಗೆ ನಿಲ್ಲುತ್ತದೆ, ಮುಂದಕ್ಕೆ ಒತ್ತಾಯ ಮಾಡಬೇಡಿ. ಚಿಪ್ಪಿನ ಎರಡು ಅಂಚು ಹಿಡಿದು ನೆಟ್ಟಗೆ ಮೇಲೆತ್ತಿ. ಓರೆ ಮಾಡಿದರೆ ಪಿನ್ ಬಗ್ಗುತ್ತದೆ. ಇಲ್ಲಿ ಪಿನ್‌ಗಳು ಸಾಕೆಟ್ಟಿನಲ್ಲಿ ಅಲ್ಲ, ಚಿಪ್ಪಿನ ಹೊಟ್ಟೆಯ ಕೆಳಗೆ ಇರುತ್ತವೆ. ಜಿ3ಯ ಚಿಪ್ಪಿಗೆ 946 ಪಿನ್.

ಹೊಸ ಚಿಪ್ಪನ್ನು ಕೂರಿಸುವ ಮುಂಚೆ ಪಿನ್‌ಗಳ ಸಾಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಸಾಲು ನೇರವಾಗಿದ್ದರೆ ಬೆಳಕು ಒಂದೇ ಸಮ ಹಾಯುತ್ತದೆ. ಎಲ್ಲಾದರೂ ಒಂದು ಪಿನ್ ಅಡ್ಡ ಬಂದಿದ್ದರೆ ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಮೂತಿಯನ್ನು ಆ ಪಿನ್ನಿಗೆ ತೊಡಿಸಿ ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಒಮ್ಮೆ ಮಾತ್ರ. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ.

ಚಿಪ್ಪಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಸಣ್ಣ ತ್ರಿಕೋನ ಇದೆ. ಅದು ಸಾಕೆಟ್ಟಿನ ಗುರುತಿರುವ ಮೂಲೆಗೆ ಬರಬೇಕು. ಸರಿ ಇದ್ದರೆ ಚಿಪ್ ತನ್ನ ಭಾರಕ್ಕೇ ಇಳಿದು ಕೂರುತ್ತದೆ, ಒತ್ತುವ ಕೆಲಸ ಇಲ್ಲ. ಇಳಿಯದಿದ್ದರೆ ಎತ್ತಿ ಮತ್ತೆ ನೋಡಿ. ಕೂತ ಮೇಲೆ ಒಂದು ಬೆರಳು ಹಗುರವಾಗಿ ಇಟ್ಟುಕೊಂಡು, ಸ್ಕ್ರೂವನ್ನು ಮುಚ್ಚಿದ ಬೀಗದ ಕಡೆಗೆ ತಿರುಗಿಸಿ. ಈ ಅರ್ಧ ಸುತ್ತು ಮರೆತರೆ ಎಲ್ಲ ಜೋಡಿಸಿದ ಮೇಲೆ ಕಪ್ಪು ಸ್ಕ್ರೀನ್ ನೋಡುತ್ತ ಕೂರಬೇಕಾಗುತ್ತದೆ.

ಹೀಟ್‌ಸಿಂಕ್‌ನ ತಾಮ್ರದ ಮುಖವನ್ನೂ, ಸಿಲಿಕಾನ್ನನ್ನೂ ಆಲ್ಕೊಹಾಲ್‌ನಲ್ಲಿ ಹೊಳೆಯುವವರೆಗೆ ಒರೆಸಿ. ಪೇಸ್ಟ್ ಒಂದು ಅಕ್ಕಿ ಕಾಳಿನಷ್ಟು ಸಾಕು. ಡೆಸ್ಕ್‌ಟಾಪ್‌ಗೆ ಮಧ್ಯದಲ್ಲಿ ಚುಕ್ಕೆ ಇಟ್ಟು ಬಿಡುವ ಪದ್ಧತಿ ಇದೆ. ಇಲ್ಲಿ ಸಿಲಿಕಾನ್ ಉದ್ದುದ್ದ, ಮೇಲೆ ಟೋಪಿಯೂ ಇಲ್ಲ, ಆದ್ದರಿಂದ ನಾನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಲ್ಲಿ ತೆಳ್ಳಗೆ ಸವರಿ ನಾಲ್ಕೂ ಮೂಲೆ ಮುಚ್ಚಿದೆಯಾ ಅಂತ ನೋಡಿಕೊಳ್ಳುತ್ತೇನೆ. ಹೀಟ್‌ಸಿಂಕ್ ಇಟ್ಟು, ಸ್ಕ್ರೂಗಳನ್ನು ಸರದಿಯಲ್ಲಿ ಎರಡೆರಡು ಸುತ್ತು ಬಿಗಿಯುತ್ತ ಬನ್ನಿ. ಫ್ಯಾನ್ ಕನೆಕ್ಟರ್ ಸಿಕ್ಕಿಸಿದಿರಾ? ಮುಚ್ಚಳ ಹಾಕುವ ಮುಂಚೆ ಇನ್ನೊಮ್ಮೆ ನೋಡಿಬಿಡಿ.

ಮೊದಲ ಸಲ ಆನ್ ಮಾಡಿದಾಗ

ತಕ್ಷಣ ಏನೂ ಬರದಿದ್ದರೆ ಗಾಬರಿ ಬೇಡ. ಪ್ರೊಸೆಸರ್ ಬದಲಾದದ್ದನ್ನು ಕಂಡು ಮಷಿನ್ ಒಮ್ಮೆ ತಾನೇ ಆಫ್ ಆಗಿ ಆನ್ ಆಗಬಹುದು, ಸ್ಕ್ರೀನ್ ಒಂದು ನಿಮಿಷ ಕಪ್ಪಗೇ ಇರಬಹುದು. ಎಫ್1 ಒತ್ತಿ ಬಯೋಸ್‌ಗೆ ಹೋಗಿ. ಸಿಪಿಯು ಹೆಸರು ಸರಿಯಾಗಿ ಕಂಡರೆ ಆಯಿತು. ವಿಂಡೋಸ್ ಮತ್ತೆ ಹಾಕಬೇಕಿಲ್ಲ. ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದೂ ಸಾಮಾನ್ಯವಾಗಿ ತಕರಾರು ತೆಗೆಯಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕೋರ್ 4, ಲಾಜಿಕಲ್ ಪ್ರೊಸೆಸರ್ 8 ಅಂತ ಕಾಣಬೇಕು. ಲಿನಕ್ಸ್‌ನವರು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಅಂತ ಕೊಡಿ.

ಐದು ನಿಮಿಷ ಕಾದರೂ ಸ್ಕ್ರೀನ್ ಬರಲಿಲ್ಲ ಅಂದರೆ ಮೊದಲು ರ್‍ಯಾಮ್ ತೆಗೆದು ಮತ್ತೆ ಹಾಕಿ. ಕೈ ತಾಗಿ ಅದು ಸಡಿಲ ಆಗಿರುವುದು ಉಂಟು. ಆಮೇಲೆ ಸಾಕೆಟ್ ಬೀಗ, ಆಮೇಲೆ ಪಿನ್. ಅದೂ ಸರಿ ಇದ್ದರೆ ಹಳೇ ಐ5 ವಾಪಸ್ ಹಾಕಿ. ಅದರಲ್ಲಿ ಬೂಟ್ ಆದರೆ ಹೊಸ ಚಿಪ್ ಕೆಟ್ಟದ್ದು, ಅಥವಾ ಬಯೋಸ್ ಅಪ್‌ಡೇಟ್ ಆಗಿಲ್ಲ.

ಬಂತು ಅಂತ ಕೂಡಲೇ ಗಿರಾಕಿಗೆ ಕೊಡುವುದಲ್ಲ. ತಾಪ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ಪ್ರೋಗ್ರಾಮ್ ತೆರೆದಿಟ್ಟು, ಮಾಡಬೇಕಾದ ನಿಜವಾದ ಕೆಲಸವನ್ನೇ ಅರ್ಧ ಗಂಟೆ ಓಡಿಸಿ. ನಾನು ಒಂದು ಹಳೇ ವಿಡಿಯೊ ಹಾಕಿ ಎನ್‌ಕೋಡ್ ಬಿಟ್ಟೆ. ನೋಡಬೇಕಾದ್ದು ಎರಡು: ತಾಪ ಎಲ್ಲಿ ನಿಲ್ಲುತ್ತದೆ, ಗಿಗಾಹರ್ಟ್ಸ್ ಎಲ್ಲಿ ನಿಲ್ಲುತ್ತದೆ. ತಾಪ 80ರಿಂದ 90ರ ನಡುವೆ ಸ್ಥಿರವಾಗಿ ನಿಂತರೆ ಈ ಜಾತಿಯ ಮಷಿನ್‌ಗೆ ಚೆನ್ನಾಗಿದೆ. 100ಕ್ಕೆ ಹೋಗಿ ಅಂಟಿಕೊಂಡರೆ ಪೇಸ್ಟ್ ಸರಿಯಾಗಿ ಹರಡಿಲ್ಲ, ಅಥವಾ ಹೀಟ್‌ಸಿಂಕ್‌ಗೆ ಮೀರಿದ ಚಿಪ್ ಹಾಕಿದ್ದೀರಿ. ತಾಪ ಕಮ್ಮಿ ಇದ್ದೂ ವೇಗ 1 ಗಿಗಾಹರ್ಟ್ಸ್ ಆಸುಪಾಸಿಗೆ ಬಿದ್ದುಬಿಟ್ಟರೆ ಚಾರ್ಜರ್ ಕಡೆ ನೋಡಿ.

47 ವಾಟ್ ಚಿಪ್ ಹಾಕಿ ಬಿಸಿಯಿಂದ ಒದ್ದಾಡುವವರಿಗೆ ಥ್ರಾಟಲ್‌ಸ್ಟಾಪ್ ಅನ್ನುವ ಪುಕ್ಕಟೆ ಪ್ರೋಗ್ರಾಮ್ ಇದೆ. ನಾಲ್ಕನೇ ತಲೆಮಾರಿನ ಈ ಚಿಪ್‌ಗಳಲ್ಲಿ ಅದರಿಂದ ವೋಲ್ಟೇಜ್ ಸ್ವಲ್ಪ ಇಳಿಸಬಹುದು. 30 ಮಿಲಿವೋಲ್ಟ್ ಇಳಿಸಿ, ಒಂದು ದಿನ ಬಳಸಿ, ಹ್ಯಾಂಗ್ ಆಗದಿದ್ದರೆ ಇನ್ನೂ 10, ಹೀಗೆ ಸಾವಕಾಶವಾಗಿ. 50ರ ಸುತ್ತಮುತ್ತ ಬಹುಪಾಲು ಚಿಪ್‌ಗಳು ತಡೆದುಕೊಳ್ಳುತ್ತವೆ. ಇಷ್ಟೆಲ್ಲ ರಗಳೆ ಬೇಡ ಅನ್ನುವವರು ವಿಂಡೋಸ್ ಪವರ್ ಆಪ್ಶನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 99ಕ್ಕೆ ಇಡಿ. ಟರ್ಬೊ, ಅಂದರೆ ಅಗತ್ಯ ಬಿದ್ದಾಗ ತಾನೇ ಏರುವ ಹೆಚ್ಚುವರಿ ವೇಗ, ನಿಲ್ಲುತ್ತದೆ, ಫ್ಯಾನ್ ಸುಮ್ಮನಾಗುತ್ತದೆ, ಕೆಲಸ ಒಂದಿಷ್ಟು ತಡ.

ಆ ಹುಡುಗನ ಮಷಿನ್‌ನಲ್ಲಿ ಮೊದಲು ಹತ್ತು ಗಂಟೆ ಹಿಡಿಯುತ್ತಿದ್ದ ಎನ್‌ಕೋಡ್ ಈಗ ಆರು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕೋರ್ ಎರಡರಷ್ಟಾದರೂ ಸಮಯ ಅರ್ಧ ಆಗಲಿಲ್ಲ ಯಾಕೆ ಅಂತ ಕೇಳಿದ. 37 ವಾಟ್ ಅಷ್ಟೇ ಇದೆಯಲ್ಲ, ಅದನ್ನೇ ನಾಲ್ಕು ಕೋರ್ ಹಂಚಿಕೊಳ್ಳಬೇಕು, ಹಾಗಾಗಿ ಒಂದೊಂದೂ ಸ್ವಲ್ಪ ನಿಧಾನ ಓಡುತ್ತದೆ ಅಂದೆ. ಬ್ಯಾಟರಿ ಬಗ್ಗೆಯೂ ಕೇಳಿದ. ಸುಮ್ನೆ ಬ್ರೌಸಿಂಗ್ ಮಾಡುವಾಗ ಅಷ್ಟೇನೂ ವ್ಯತ್ಯಾಸ ಇಲ್ಲ, ಎನ್‌ಕೋಡ್ ಹಾಕಿದರೆ ಮಾತ್ರ ಬೇಗ ಇಳಿಯುತ್ತದೆ. ಅಂಥ ಕೆಲಸ ಚಾರ್ಜರ್ ಹಾಕಿಕೊಂಡೇ ಮಾಡಬೇಕು, ಮತ್ತು ಹಾಸಿಗೆಯ ಮೇಲಲ್ಲ, ಮೇಜಿನ ಮೇಲೆ, ಅಡಿಯ ಜಾಲರಿಗೆ ಗಾಳಿ ಸಿಗುವ ಹಾಗೆ.

ತೆಗೆದ ಐ5ನ್ನು ಮಾರಲು ಹೋಗಬೇಡಿ, ಸಿಗುವುದು ಪುಡಿಗಾಸು. ಹೊಸ ಚಿಪ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಪಿನ್ ಕೆಳಗೆ ಮಾಡಿ ಇಟ್ಟು, ಮೇಲೆ ಮಾಡೆಲ್ ಹೆಸರು ಬರೆದು ಚಾರ್ಜರಿನ ಚೀಲದಲ್ಲಿ ಹಾಕಿಡಿ. ಮುಂದೆ ಯಾವತ್ತೋ ಮಷಿನ್ ಆನ್ ಆಗದಿದ್ದಾಗ ಬೋರ್ಡ್ ಕೆಟ್ಟಿದೆಯೋ ಚಿಪ್ ಕೆಟ್ಟಿದೆಯೋ ಅಂತ ನೋಡಲು ರಿಪೇರಿಯವರು ಮೊದಲು ಕೇಳುವುದು ಅದನ್ನೇ.